ಹೋರಿಪಾಲು ಮತ್ತು ಅಕ್ಕಿಯ ಅಂಗಿ

ಹತ್ರ ಬಂದು ಕೂತ್ಕೊಳ್ಳಿ. ಆಕಳಿಸೋರು ಮಾತ್ರ ಹಿಂದೆ ಹೋಗಿ, ನಂಗೂ ಅಂಟುತ್ತೆ.

ಹಾಲಗೂರಿ ಅಂತ ಒಂದು ಸೀಮೆ. ಅಲ್ಲಿ ನಂಜಭೂಪ ಅಂತ ಒಬ್ಬ ರಾಜ. ಅವನ ಮಗಳನ್ನ ಕೊಟ್ಟ ಮನೆಯೋರು ಮಾಂಸ ಅಂದ್ರೆ ಪ್ರಾಣ ಬಿಡೋರು. ಅವರ ಬೀಗರೂಟಕ್ಕೆ ಅಂತಲೇ ರಾಜ ಒಂದು ದೊಡ್ಡಿ ತುಂಬ ಹೋರಿ ಸಾಕಿದ್ದ. ಬೀಗರು ಬಂದ್ರು, ಕೂತ್ರು, ಎಲೆ ನೋಡಿದ್ರು. ಎಲೆ ತುಂಬ ಬರೀ ಮೂಳೆ! ದೊಡ್ಡ ಬೀಗ ಒಂದು ಮೂಳೆ ಎತ್ತಿ ಹಿಡಿದು, "ಏನ್ ಬೀಗರೇ, ಹೋರಿ ಕಡಿದ್ರೋ, ಏಣಿ ಕಡಿದ್ರೋ?" ಅಂದ. ರಾಜನ ಮಾನ ಮೂರುಕಾಸಾಯ್ತು.

ದೊಡ್ಡಿ ನೋಡಿಕೊಳ್ಳೋನು ಬೊಮ್ಮಣ್ಣ. ಹುಟ್ಟಿದಾಗಿಂದ ಒನಕೆ ಮುಟ್ಟಿದೋನಲ್ಲ. ಅಕ್ಕಿ ಎಲ್ಲಿಂದ ಬರುತ್ತೆ ಅಂದ್ರೆ ತಟ್ಟೆಯಿಂದ ಅನ್ನೋ ಆಸಾಮಿ. ಅವನು ಕೈಮುಗಿದು, "ಸ್ವಾಮಿ, ಹೋರಿಗೆ ಒಳ್ಳೇದು ತಿನ್ನಿಸಬೇಕು. ಮನೆಮನೆಯಿಂದ ಹೋರಿಪಾಲು ಎತ್ತೋಕೆ ಅಪ್ಪಣೆ ಕೊಡಿ," ಅಂದ. ರಾಜ ಕೊಟ್ಟ.

ಆ ಊರಲ್ಲಿ ಸಂಕವ್ವ ಅಂತ ಒಬ್ಬಳು ಅಜ್ಜಿ. ತಾಯಿಲ್ಲದ ಮೊಮ್ಮಕ್ಕಳನ್ನ ಸಾಕ್ತಿದ್ಲು. ಅವಳು ಭತ್ತ ಕುಟ್ಟಿ ಮುಗಿಸೋ ಹೊತ್ತಿಗೆ ಸರಿಯಾಗಿ ಬೊಮ್ಮಣ್ಣ ಬಂದ. "ಹೋರಿಪಾಲು ತೆಗಿ." ಅಕ್ಕಿ ಹೊತ್ಕೊಂಡು ಹೋದ.

ಎಳ್ಳನ್ನ ಗಾಣಕ್ಕೆ ಹಾಕಿಸಿ ತಂದ್ಲು. ಬೊಮ್ಮಣ್ಣ ಬಂದ. "ಹೋರಿಪಾಲು ತೆಗಿ." ಎಣ್ಣೆ ಗಡಿಗೆ ಎತ್ತಿಕೊಂಡ.

"ಅಯ್ಯೋ, ಹೋರಿ ಎಣ್ಣೆ ಕುಡಿಯುತ್ತೇನಪ್ಪ?"

"ಒಗ್ಗರಣೆ ಹಾಕಿ ಕೊಡ್ತೀನಿ, ನಿಂಗ್ಯಾಕೆ?"

ತೊಗರಿ ಒಡೆದು ಬೇಳೆ ಮಾಡಿದ್ಲು. ಬೊಮ್ಮಣ್ಣ ಬಂದ. ಬೇಳೆನೂ ಹೋಯ್ತು. ಮೂಲೇಲಿ ಬಿದ್ದ ಕಸರು ಮಾತ್ರ ಅವಳ ಪಾಲಿಗೆ ಉಳೀತು.

ಅದೆಲ್ಲ ಎಲ್ಲಿಗೆ ಹೋಯ್ತು ಅಂತೀರಾ? ಬೊಮ್ಮಣ್ಣನ ಅಟ್ಟಕ್ಕೆ. ಹೋರಿಗಳಿಗೆ ಸಿಕ್ಕಿದ್ದು ಗಾಳಿ. ಹೋರಿಗಳ ಪಕ್ಕೆಲುಬು ಎದ್ದು ಕಾಣ್ತಿದ್ವು, ಬೊಮ್ಮಣ್ಣನಿಗೆ ತನ್ನ ಕಾಲೇ ಕಾಣ್ತಿರಲಿಲ್ಲ.

ಅಷ್ಟಕ್ಕೂ ಬಿಡಲಿಲ್ಲ ಪುಣ್ಯಾತ್ಮ. "ಬರೋ ಹುಣ್ಣಿಮೆಗೆ ಬಿತ್ತನೆ ರಾಗಿ ಎತ್ಕೊಂಡು ಹೋಗ್ತೀನಿ," ಅಂದ. ಬಿತ್ತನೆ ಹೋದ್ರೆ ಬಿತ್ತೋದೇನು? ಮುಂದಿನ ವರ್ಷ ಮಕ್ಕಳು ತಿನ್ನೋದೇನು, ಮಣ್ಣಾ?

ಸಂಕವ್ವ ನೆಟ್ಟಗೆ ಅರಮನೆಗೆ ಹೋದ್ಲು. "ಬುದ್ಧೀ, ಒಂದು ಬಡಕಲು ಹೋರಿ ನನಗೆ ಕೊಡಿ. ಅಂಥದೇ ಇನ್ನೊಂದನ್ನ ಬೊಮ್ಮಣ್ಣ ಸಾಕಲಿ. ಹುಣ್ಣಿಮೆಗೆ ಎರಡನ್ನೂ ನೋಡಿ. ಅಲ್ಲೀತನಕ ನನ್ನ ಬಿತ್ತನೆ ಮುಟ್ಟಬಾರದು." ರಾಜ ಹೂಂ ಅಂದ.

ಸಂಕವ್ವನ ಹೋರಿ ಮೈತುಂಬಿಕೊಳ್ತಾ ಬಂತು. ಬೊಮ್ಮಣ್ಣನಿಗೆ ತಡ್ಕೊಳ್ಳೋಕಾಗಲಿಲ್ಲ. ಬೇಲಿ ಮೇಲಿಂದ ಇಣುಕಿ, "ಏನಮ್ಮ ಹಾಕ್ತೀಯ?" ಅಂದ.

"ಅಕ್ಕಿಯ ಅಂಗಿ."

ಮತ್ತೆ ಬಂದ. "ಇವತ್ತೇನು?"

"ಎಣ್ಣೆಯ ತವರು."

ಮತ್ತೂ ಬಂದ. "ಇವತ್ತು?"

"ಬೇಳೆಯ ಸೆರಗು."

ಬೊಮ್ಮಣ್ಣನ ಬಾಯಲ್ಲಿ ನೀರೂರಿತು. 'ಮುದುಕಿ ಜಾಣೆ! ಅಕ್ಕಿಗಿಂತ ಸೊಗಸಾದ್ದು ಬಚ್ಚಿಟ್ಟುಕೊಂಡು ನನಗೆ ಬರೀ ಅಕ್ಕಿ ಕೊಟ್ಲಲ್ಲ!'

ಹುಣ್ಣಿಮೆ ಬಂತು. ಎರಡು ಹೋರಿನೂ ಅರಮನೆ ಅಂಗಳಕ್ಕೆ ಬಂದ್ವು. ಒಂದು ಗುಂಡಗೆ ಮಿರಮಿರ ಮಿಂಚ್ತಾ ಇತ್ತು. ಇನ್ನೊಂದು ಅದೇ ಏಣಿ. ರಾಜ ಬಾಯಿ ತೆರೆಯೋದ್ರೊಳಗೆ ಬೊಮ್ಮಣ್ಣ ಮುಂದೆ ನುಗ್ಗಿ ಕೂಗಾಡಿದ.

"ಮೋಸ ಸ್ವಾಮಿ! ಅಕ್ಕಿಯ ಅಂಗಿ, ಎಣ್ಣೆಯ ತವರು, ಬೇಳೆಯ ಸೆರಗು, ಎಲ್ಲ ಇವಳೇ ಇಟ್ಕೊಂಡಿದಾಳೆ. ಹೋರಿಪಾಲು ಅಂದ್ರೆ ಇನ್ಮೇಲೆ ಅದೇ ಆಗಲಿ. ನನಗೆ ಅಕ್ಕಿ ಬೇಡ, ಎಣ್ಣೆ ಬೇಡ, ಬೇಳೆ ಬೇಡ. ಯಾರ ಮನೆಯ ಬಿತ್ತನೆನೂ ಬೇಡ!"

"ಹಂಗಾದ್ರೆ ವೀಳ್ಯ ಹಿಡಿ," ಅಂದ ರಾಜ.

ಹಾಲಗೂರೀಲಿ ರಾಜನ ಕೈಯಿಂದ ವೀಳ್ಯ ತಗೊಂಡು ಬಾಯಿಗೆ ಹಾಕಿಕೊಂಡ ಮೇಲೆ ಆಡಿದ ಮಾತು ವಾಪಸ್ಸಿಲ್ಲ. ಬೊಮ್ಮಣ್ಣ ಗಬಕ್ಕನೆ ಬಾಯಿಗಿಟ್ಟ.

ಸಂಕವ್ವ ತಾನು ಹೊತ್ತು ತಂದಿದ್ದ ಮೂಟೆ ಬಿಚ್ಚಿ ಸುರಿದಳು. ಅಕ್ಕಿಯ ಅಂಗಿ ಅಂದ್ರೆ ತೌಡು. ಎಣ್ಣೆಯ ತವರು ಅಂದ್ರೆ ಎಳ್ಳಿನ ಹಿಂಡಿ. ಬೇಳೆಯ ಸೆರಗು ಅಂದ್ರೆ ತೊಗರಿ ಹೊಟ್ಟು. ಬೊಮ್ಮಣ್ಣನೇ ಬೇಡ ಅಂತ ಮೂಲೇಲಿ ಬಿಟ್ಟುಹೋದ ಕಸರು!

ಬೊಮ್ಮಣ್ಣ ತಾಂಬೂಲದ ಬಾಯಲ್ಲೇ ತೊದಲಿದ. "ಥೂ! ಇದನ್ನ ನಾನು ಹೆಂಗೆ ತಿನ್ನೋದು?"

ರಾಜ ಮೆಲ್ಲಗೆ ಕೇಳಿದ. "ನೀನ್ಯಾಕಪ್ಪ ತಿನ್ನಬೇಕು? ಹೋರಿಪಾಲು ಹೋರಿಗಲ್ವಾ?"

ಮುಗೀತು ಕಥೆ ಅವನದ್ದು. ಅಟ್ಟ ತೆಗೆಸಿದ್ರು, ಅವರವರ ಅಕ್ಕಿ ಬೇಳೆ ಅವರವರ ಮನೆಗೆ ಹೋಯ್ತು. ಬೊಮ್ಮಣ್ಣ ಇವತ್ತಿಗೂ ತಲೆ ಮೇಲೆ ತೌಡಿನ ಮೂಟೆ ಹೊತ್ಕೊಂಡು ದೊಡ್ಡಿಗೆ ಓಡಾಡ್ತಾನೆ. ಈಗ ಅವನ ಕಾಲು ಅವನಿಗೆ ಕಾಣುತ್ತಂತೆ. ಬೀಗರು ಬಂದ್ರು, ಉಂಡ್ರು, ಬೆರಳು ಚೀಪಿದ್ರು. ಹೋರಿ ಏನಂತು ಅಂತ ನನ್ನ ಕೇಳಬೇಡಿ, ಅದರ ಪಾಡು ಅದಕ್ಕೇ ಗೊತ್ತು.

ಮಳೆ ಬಿತ್ತು. ಸಂಕವ್ವ ಮೊಮ್ಮಕ್ಕಳನ್ನ ಕರ್ಕೊಂಡು ಹೋಗಿ ರಾಗಿ ಬಿತ್ತಿದ್ಲು.

ತಿಳೀತಾ ಮಕ್ಕಳೇ? ಕಾಳು ಮನುಷ್ಯನಿಗೆ, ಕಾಳಿನ ಅಂಗಿ ದನಕ್ಕೆ, ಎರಡೂ ನನಗೇ ಅಂದೋನಿಗೆ ಮೂಟೆ ಹೊರೋ ಕೆಲಸ. ಈಗ ಏಳಿ, ಊಟ ಮಾಡಿ. ತಟ್ಟೇಲಿ ಅಗುಳು ಬಿಟ್ರೆ ನೋಡಿ ಮತ್ತೆ!