ಓರೆ ಅಕ್ಷರದ ಕರೆ

ಮಲಪ್ರಭೆಯ ದಂಡೆಯಲ್ಲಿ ಒಂದು ಮಠ. ಶಿವನ ಕೃಪೆ, ಅಲ್ಲಿ ಒಲೆ ಆರಿದ ದಿನವಿಲ್ಲ.

ಅಡುಗೆಯಾದೊಡನೆ ಒಬ್ಬರು ಬಾಗಿಲ ಹೊರಗೆ ನಿಂತು, "ಹಸಿದವರು ಯಾರಿದ್ದೀರಿ, ಬರ್ರಿ" ಎಂದು ಕೂಗಬೇಕು. ಆ ಕೂಗು ಕೇಳುವವರೆಗೆ ಗುರು ಮಡಿವಾಳಯ್ಯನವರು ತುತ್ತು ಮುಟ್ಟುತ್ತಿರಲಿಲ್ಲ.

ಕೂಗುವ ಸೇವೆ ಶಿಷ್ಯ ಸೋಮಲಿಂಗನದು. ಮಠ ಸೇರುವ ಮೊದಲು ಅವನು ಪೇಟೆಯಲ್ಲಿ ಹೋಟೆಲು, ಸೋಡಾ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಗುರುಗಳು ಪಾದಯಾತ್ರೆಗೆ ಹೋದದ್ದೇ ತಡ, ಬಾಗಿಲ ಪಕ್ಕದ ಗೋಡೆಯ ತುಂಬ ಬರೆದ: "ಬನ್ನಿ, ಉಣ್ಣಿ."

ಎಂಥ ಅಕ್ಷರ! ದಪ್ಪಗೆ, ಒಂದು ಮೂಲೆಯೂ ಇಲ್ಲದೆ ದುಂಡಗೆ, ಗಾಳಿಗೆ ಬಾಗಿದಂತೆ ಬಲಕ್ಕೆ ಓರೆಯಾಗಿ. ಕೆಂಪು ಬಣ್ಣ, ಹಳದಿ ಅಂಚು. ಹೊಳೆಯಾಚೆಯಿಂದಲೂ ಕಾಣುತ್ತಿತ್ತು.

ಅಂದಿನಿಂದ ಅವನು ಕೂಗುವುದನ್ನು ಬಿಟ್ಟ.

ಗುರುಗಳು ಮರಳಿದಾಗ ಬಿಸಿಲು ನೆತ್ತಿ ದಾಟಿತ್ತು. ಒಳಗೆ ರೊಟ್ಟಿಯ ಬುಟ್ಟಿ ತುಂಬಿದಂತೆಯೇ ಇತ್ತು. ಹೊರಗೆ, ಆ ಅಕ್ಷರಗಳ ಕೆಳಗೇ, ಮುದುಕಿಯೊಬ್ಬಳು ಸೆರಗಿನಿಂದ ಹೊಟ್ಟೆ ಬಿಗಿದುಕೊಂಡು ಕೂತಿದ್ದಳು.

"ಯಾಕಬೇ ಯವ್ವಾ, ಒಳಗ ಬರಲಿಲ್ಲ?"

"ನನಗ ಓದಾಕ ಬರಂಗಿಲ್ರೀ ಯಪ್ಪಾ. ಇಂಥಾ ಅಕ್ಷರ ಪ್ಯಾಟಿ ಹೋಟೆಲಿನ ಮ್ಯಾಲ ನೋಡೇನಿ. ಅಲ್ಲಿ ನನ್ನಂಥಾಕಿ ಬಾಗಲದಾಗ ನಿಂತ್ರ ಮೈಮ್ಯಾಲ ನೀರು ಉಗ್ಗತಾರ."

ಗುರುಗಳು ಅವಳನ್ನು ಕೈಹಿಡಿದು ಒಳಗೆ ಕರೆದೊಯ್ದರು. ತಾವೇ ಬಡಿಸಿದರು. ಅವಳು ಮೊದಲ ತುತ್ತು ನುಂಗುವವರೆಗೆ ತಾಳ್ಮೆಯಿಂದ ನಿಂತಿದ್ದರು.

ಆಮೇಲೆ ಹೊರಬಂದು, ಮೂಲೆಯಲ್ಲಿದ್ದ ಸುಣ್ಣದ ಬಕೀಟು ಎತ್ತಿ ಗೋಡೆಗೆ ರಪ್ಪನೆ ಎರಚಿದರು. ಸಾಧುಗಳ ಸಿಟ್ಟೂ ಪ್ರಸಾದವೆನ್ನುತ್ತಾರೆ ಹಿರಿಯರು. ಆದರೆ ಅದನ್ನು ಉಣ್ಣುವುದು ಕಷ್ಟ.

ಹಿತ್ತಲಲ್ಲಿ ಕುಂಚ ತೊಳೆಯುತ್ತಿದ್ದ ಸೋಮಲಿಂಗ ಓಡಿಬಂದ.

"ಏನು ಮಾಡಿದ್ರಿ ಅಪ್ಪಾರ! ಇಡೀ ಪ್ಯಾಟಿಯೊಳಗ ಇಂಥಾ ಅಕ್ಷರ ಬರಿಯೋ ಕೈ ಇನ್ನೊಂದಿಲ್ಲ!"

"ಪ್ಯಾಟಿ ಅಕ್ಷರ ಅಂತ ಮುದುಕಿಗೂ ಅನಿಸೇತಿ. ಅದಕ್ಕ ಹೊರಗ ಕುಂತಿದ್ಲು."

"ಅಕಿಗೆ ಓದಾಕ ಬರದಿದ್ರ ಅದೂ ನನ್ನ ತಪ್ಪೇನ್ರೀ?"

"ಓದ್ಯಾಳೋ ಮೂಳ! ನೀ ಏನು ಬರೆದಿ ಅನ್ನೋದನ್ನಲ್ಲ. ಹೆಂಗ ಬರೆದಿ ಅನ್ನೋದನ್ನ ಓದ್ಯಾಳ."

ಗೋಡೆಯ ಮೇಲೆ ಸುಣ್ಣದೊಡನೆ ಕೆಂಪು ಇಳಿಯುತ್ತಿತ್ತು. ಅದನ್ನು ನೋಡಲಾರದೆ ಶಿಷ್ಯ ಕೈಯಲ್ಲಿದ್ದ ಕುಂಚವನ್ನು ನೆಲಕ್ಕೆ ಬೀಸಿ ಒಗೆದ.

"ದಿನಾ ಕೂಗಿ ಕೂಗಿ ನನ್ನ ಗಂಟಲ ಹರದೈತ್ರೀ! ಹಸಿದವರಿಗೆ ಅಂತನ ಬರೆದೆ. ಅಕ್ಷರ ನನ್ನಂಗ ದಣಿಯಂಗಿಲ್ಲ!"

ಗುರುಗಳು ಬರಿದಾದ ಬಕೀಟನ್ನು ಅವನ ಕಾಲಬಳಿ ಕುಕ್ಕಿದರು.

"ದಣಿಯಂಗಿಲ್ಲ, ಖರೆ. ಅವಕ್ಕ ಹಸಿವೂ ಇಲ್ಲ. ನೀ ಇವತ್ತ ಉಣ್ಣಬ್ಯಾಡ. ಹೋಗಿ ಕೂಗು."