ಹ್ಯಾಮ್‌ಸ್ಟರಿನ ಕೆನ್ನೆ ಚೀಲವಾದದ್ದು

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳನ್ನು ಆಗಷ್ಟೇ ಮೆತ್ತಿ ನಿಲ್ಲಿಸಿದ್ದರು, ಬೆರಳಿಟ್ಟರೆ ಗುರುತು ಬೀಳುತ್ತಿತ್ತು. ಹೊಳೆಗಳಿಗೆ ಯಾವ ಕಡೆ ಹರಿಯಬೇಕು ಅಂತ ಗೊತ್ತಿರಲಿಲ್ಲ, ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಕೇಳುತ್ತಿದ್ದವು. ಆಮೆ ಆಗ ಓಡುತ್ತಿತ್ತು. ಇದೆಲ್ಲ ಹೌದೋ ಅಲ್ಲವೋ ಅಂತ ಅನುಮಾನ ಪಡುವವರು ಇನ್ನೂ ಹುಟ್ಟಿರಲಿಲ್ಲ, ಹಾಗಾಗಿ ಎಲ್ಲವೂ ಹೌದೇ ಆಗಿತ್ತು.

ಆ ಕಾಲದಲ್ಲಿ ಹ್ಯಾಮ್‌ಸ್ಟರಿಗೆ ಕೆನ್ನೆಯಲ್ಲಿ ಚೀಲ ಇರಲಿಲ್ಲ. ಮುಖ ಇಲಿಯ ಮುಖದ ಹಾಗೆ ಚೂಪು. ಕೆನ್ನೆ ಹಲ್ಲಿಗೆ ಅಂಟಿಕೊಂಡಿತ್ತು. ಒಂದು ಕಾಳು ಸಿಕ್ಕರೆ ಒಂದು ಕಾಳು ತಿನ್ನುತ್ತಿತ್ತು, ಅಷ್ಟೆ.

ಆಗ ಲೋಕಕ್ಕೆಲ್ಲ ಇದ್ದವನು ಒಬ್ಬನೇ ಕುಂಬಾರ, ಗಾದ್ರಪ್ಪ. ಅಂಥ ಕುಂಬಾರ ಮತ್ತೆ ಹುಟ್ಟಲಿಲ್ಲ ಬಿಡಿ. ಅವನು ಮಾಡಿದ ಒಂದು ಗುಡಾಣಕ್ಕೆ ಇಡೀ ಕೆರೆಯನ್ನು ಸುರಿದರೆ, ತಾವು ಕೆರೆ ಬಿಟ್ಟು ಬಂದದ್ದು ಮೀನುಗಳಿಗೆ ಎರಡು ದಿನ ತಿಳಿಯಲೇ ಇಲ್ಲ. ಅವನು ತಿಗರಿಚಕ್ರ ತಿರುಗಿಸಿದರೆ ಅಂಗಳದ ಕೋಳಿಗಳಿಗೆ ತಲೆ ಸುತ್ತುತ್ತಿತ್ತು. ಗಾದ್ರಪ್ಪನ ಕೈ ದೊಡ್ಡದು. ಬಾಯಿ ಅದಕ್ಕಿಂತ ದೊಡ್ಡದು.

ಗಡಿಗೆ ಮಾಡುವುದು ಅವನ ಕೆಲಸ. ಸುಡುವುದು ಬಡಗಣ ಗಾಳಿಯ ಕೆಲಸ. ಗಡಿಗೆಗಳನ್ನು ಪೇರಿಸಿ, ಹುಲ್ಲು ಸೌದೆ ಮುಚ್ಚಿ, ಗಾದ್ರಪ್ಪ ಆವಿಗೆಗೆ ಬೆಂಕಿ ಹಾಕುತ್ತಿದ್ದ. ಗಾಳಿ ಬಂದು ಊದಿದರೆ ಬೆಂಕಿ ಒಳಗಿಳಿದು ಗಡಿಗೆ ಬೇಯುತ್ತಿತ್ತು. ಗಾಳಿ ಊದದಿದ್ದರೆ ಗಡಿಗೆ ಹಸಿ. ಹಸಿ ಗಡಿಗೆಗೆ ನೀರು ಹೊಯ್ದರೆ ಅದು ಮತ್ತೆ ಮಣ್ಣು.

ಒಂದು ದಿನ ಬಡಗಣ ಗಾಳಿ ಮಡಿಲಲ್ಲಿ ಏನನ್ನೋ ಕಟ್ಟಿಕೊಂಡು ಬಂತು.

"ಗಾದ್ರಪ್ಪ, ಪ್ರಾಣಿ ಸಾಕಿ ಗೊತ್ತಾ ನಿಂಗೆ?" ಅಂತ ಕೇಳಿತು.

ಗಾದ್ರಪ್ಪ ಒಂದು ಕೋಳಿಯನ್ನೂ ಸಾಕಿದವನಲ್ಲ. ಅಂಗಳದ ಕೋಳಿಗಳು ಹೆಂಡತಿ ಮಾಳವ್ವನವು. ಆದರೆ ಕೇಳಿದ್ದಕ್ಕೆ ಇಲ್ಲ ಅನ್ನುವುದು ಅವನ ವಂಶದಲ್ಲೇ ಇರಲಿಲ್ಲ.

"ಗೊತ್ತಾ ಅಂತೀಯಲ್ಲ ಗಾಳಪ್ಪ. ಆನೆ ಮರಿಯಾಗಿದ್ದಾಗ ಹೆಗಲ ಮೇಲೆ ಹೊತ್ಕೊಂಡು ತಿರುಗಿದೋನು ನಾನು. ಹುಲಿ ಮೀಸೆ ತಿದ್ದಿದ್ದು ಯಾರು ಅಂದ್ಕೊಂಡೆ?"

ಮಾಳವ್ವ ಮಣ್ಣು ತುಳಿಯುತ್ತಿದ್ದವಳು ತಲೆ ಎತ್ತಲಿಲ್ಲ. "ನಿನ್ನೆ ಜಿರಲೆ ಕಂಡು ಅಟ್ಟ ಹತ್ತಿದ್ದೂ ಇವರೇ," ಅಂದಳು.

ಗಾಳಿಗೆ ಆ ಮಾತು ಕೇಳಿಸಲಿಲ್ಲ. ಅದು ಮಡಿಲು ಬಿಚ್ಚಿ ಗಾದ್ರಪ್ಪನ ಅಂಗೈ ಮೇಲೆ ಒಂದು ಪುಟ್ಟ ಜೀವವನ್ನು ಇಳಿಸಿತು. ಎಳ್ಳು ಬೆಲ್ಲ ಕುಟ್ಟಿ ಕಟ್ಟಿದ ಚಿಗಳಿ ಉಂಡೆಯಷ್ಟು ದಪ್ಪ, ಅದರದೇ ಬಣ್ಣ. ಎರಡು ಕಪ್ಪು ಕಣ್ಣು. ಮೈ ಪೂರಾ ನಡುಗುತ್ತಿತ್ತು.

"ದೂರದ ಬಡಗಣ ಬಯಲಿಂದು ಇದು, ಹ್ಯಾಮ್‌ಸ್ಟರ್ ಅಂತಾರೆ," ಅಂದಿತು ಗಾಳಿ. "ನರಿ ಬಿಲ ಅಗೆದು ಇದರ ಮನೆಯವರನ್ನೆಲ್ಲ ತಿಂದುಬಿಡ್ತು. ಉಳಿದಿದ್ದು ಇದೊಂದೇ. ನನ್ನ ಮಡಿಲು ತಣ್ಣಗೆ, ಒಂದು ಕಡೆ ನಿಲ್ಲೋಕೂ ಬರಲ್ಲ ನಂಗೆ. ನೀನು ಇಟ್ಕೊ. ಮುತ್ತುಗದ ಮರ ಕೆಂಪಾದ ದಿನ ಬರ್ತೀನಿ. ಅವತ್ತು ಇದು ತಾನಾಗಿ ನಿನ್ನ ಅಂಗೈ ಹತ್ತಿದರೆ, ನೀನು ಸಾಕಿದ್ದು ನಿಜ. ಹತ್ತದೆ ಹೋದರೆ ನೀನು ಹೇಳಿದ್ದೆಲ್ಲ ಸುಳ್ಳು. ಸುಳ್ಳುಗಾರನ ಆವಿಗೆಗೆ ನಾನು ಊದಲ್ಲ."

"ಒಂದು ಆವಿಗೆಗೂ?"

"ಒಂದು ಕುಡಿಕೆಗೂ."

"ಅಲ್ಲೀತನಕ?"

"ಅಲ್ಲೀತನಕ ಬೇರೆ ಕೆಲಸ ಇದೆ," ಅಂದು ಗಾಳಿ ಹೋಯಿತು.

"ವಾರ ಸಾಕು," ಅಂದ ಗಾದ್ರಪ್ಪ ಹೆಂಡತಿಗೆ. "ವಾರದಲ್ಲಿ ನನ್ನ ಮೀಸೆ ಮೇಲೆ ಕುಣಿಯುತ್ತೆ ನೋಡು."

ಮಾಳವ್ವ ಅದಕ್ಕೆ ಚಿಗಳಿ ಅಂತ ಹೆಸರಿಟ್ಟಳು.

ಮೊದಲ ದಿನ ಗಾದ್ರಪ್ಪ ಚಿಗಳಿಗೆ ರಾಗಿಮುದ್ದೆ ಕೊಟ್ಟ. ಮುದ್ದೆ ಅದರ ನಾಲ್ಕರಷ್ಟಿತ್ತು. ಚಿಗಳಿ ಅದರೊಳಗೆ ಸೊಂಟದವರೆಗೆ ಹೂತುಹೋಯಿತು. ಮಾಳವ್ವ ಬಾಲ ಹುಡುಕಿದಳು, ಎಳೆಯುವಷ್ಟು ಬಾಲ ಇರಲಿಲ್ಲ. ಮುದ್ದೆಯನ್ನೇ ಬಿಡಿಸಿ ತೆಗೆದಳು.

"ಅದೇನು ಹೊಲ ಉಳೋಕೆ ಹೋಗುತ್ತಾ, ಮುದ್ದೆ ಇಕ್ಕೋಕೆ? ಹಸಿ ಕಾಳು ಹಾಕಿ," ಅಂದಳು.

ಎರಡನೇ ದಿನ ಗಾದ್ರಪ್ಪ ಅದಕ್ಕೆ ಸೀಗೆಕಾಯಿ ಹಚ್ಚಿ ತಲೆಗೆ ನೀರು ಹಾಕಿದ. ಚಿಗಳಿ ನೆನೆದ ಹತ್ತಿಬೀಜದಷ್ಟಾಯಿತು, ಹಲ್ಲು ಕಟಕಟ ಅಂದಿತು. ಮಾಳವ್ವ ಒಲೆಯ ಬೆಚ್ಚನೆ ಬೂದಿಯನ್ನು ಬೋಗುಣಿಗೆ ಹಾಕಿ ಅದರಲ್ಲಿ ಬಿಟ್ಟಳು. ಚಿಗಳಿ ಹೊರಳಿತು, ಮತ್ತೆ ಹೊರಳಿತು, ಒಣಗಿ ಎದ್ದು ಬಂತು. ಅವತ್ತಿನಿಂದ ಅದರ ಸ್ನಾನ ಬೂದಿಯಲ್ಲೇ.

ಮೂರನೇ ದಿನ ಗಾದ್ರಪ್ಪ ಅದಕ್ಕೆ ಮನೆ ಕೊಟ್ಟ. ಚೆನ್ನಾಗಿ ಬೆಂದ ಹಳೇ ಗಡಿಗೆ, ಅಡ್ಡ ಮಲಗಿಸಿದ್ದು. ಒಳಗೆ ಒಣಹುಲ್ಲು, ಒಂದು ಮೂಲೆಗೆ ಕಾಳು, ಪಕ್ಕೆಗೆ ಗಾಳಿಯಾಡಲು ಹೆಬ್ಬೆರಳಷ್ಟು ತೂತು. ಮನೆ ಚೆನ್ನಾಗಿತ್ತು. ಅದರಲ್ಲಿ ತಪ್ಪಿರಲಿಲ್ಲ.

ತಪ್ಪಿದ್ದದ್ದು ಗಾದ್ರಪ್ಪನ ಬೆರಳಿನಲ್ಲಿ.

ಕುಂಬಾರನಾದವನು ಗಡಿಗೆಯನ್ನು ಬರೀ ಕಣ್ಣಿನಿಂದ ನಂಬುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟುತ್ತಾನೆ. ಟಣ್ ಅಂದರೆ ಗಟ್ಟಿ, ಟಪ್ ಅಂದರೆ ಬಿರುಕು. ಗಾದ್ರಪ್ಪನಿಗೆ ಈ ಅಭ್ಯಾಸ ಎಷ್ಟು ಬಲಿತಿತ್ತೆಂದರೆ ಅವನು ಗೋಡೆ ತಟ್ಟುತ್ತಿದ್ದ, ಕುಂಬಳಕಾಯಿ ತಟ್ಟುತ್ತಿದ್ದ. ಮದುವೆಯ ದಿನ ಮಾವನ ಬೋಳುತಲೆಯನ್ನೂ ತಟ್ಟಿ ನೋಡಿದ್ದ. ಆ ಮಾತು ಮಾಳವ್ವನ ತವರಿನಲ್ಲಿ ತೀರಿರಲಿಲ್ಲ.

ಚಿಗಳಿ ಹಗಲು ಮಲಗುವ ಜಾತಿ. ರಾತ್ರಿಯೆಲ್ಲ ಓಡಾಡಿ ಬೆಳಗಿನ ಜಾವಕ್ಕೆ ಹುಲ್ಲಿನಲ್ಲಿ ಉಂಡೆಯಾಗುತ್ತಿತ್ತು. ಆಗ ಗಾದ್ರಪ್ಪ ಎದ್ದು ಬರುತ್ತಿದ್ದ. ಟಣ್, ಟಣ್, ಟಣ್.

"ಗಟ್ಟಿಯಾಗಿದೆ," ಅನ್ನುತ್ತಿದ್ದ.

ಉಂಡ ಮೇಲೆ ಇನ್ನೊಂದು ಸಲ. ಟಣ್, ಟಣ್, ಟಣ್. "ಗಟ್ಟಿಯಾಗಿದೆ."

ಸಂಜೆ ಮಣ್ಣಿನ ಕೆಲಸ ಮುಗಿಸಿ ಮತ್ತೊಂದು ಸಲ. ಆಮೇಲೆ ಗಡಿಗೆಯೊಳಗೆ ಕೈ ಹಾಕುತ್ತಿದ್ದ. ಚಿಗಳಿ ಹಿಂದಿನ ಗೋಡೆಗೆ ಅಂಟಿಕೊಂಡು ಬೆರಳು ಕಚ್ಚುತ್ತಿತ್ತು.

"ಹುಲಿ ಮೀಸೆ ತಿದ್ದಿದ ಬೆರಳು ತನ್ನಿ ಇಲ್ಲಿ," ಅಂತ ಮಾಳವ್ವ ಅರಿಸಿನ ಹಚ್ಚುತ್ತಿದ್ದಳು.

ವಾರ ಕಳೆಯಿತು. ತಿಂಗಳು ಕಳೆಯಿತು. ಮೂಲೆಯಲ್ಲಿಟ್ಟ ಕಾಳು ದಿನಾ ಖಾಲಿಯಾಗುತ್ತಿತ್ತು.

"ನೋಡು, ಹೆಂಗೆ ದಪ್ಪ ಆಗ್ತಿದೆ," ಅಂದ ಗಾದ್ರಪ್ಪ.

"ಮುಖ ದಪ್ಪ ಆಗ್ತಿದೆ," ಅಂದಳು ಮಾಳವ್ವ. "ಮೈ ಸೊರಗ್ತಿದೆ. ಬೆನ್ನು ಮೂಳೆ ಎಣಿಸಬಹುದು."

ಇತ್ತ ಊದಲು ಗಾಳಿಯಿಲ್ಲದೆ ಸುಡದೇ ಉಳಿದ ಗಡಿಗೆಗಳು ಅಂಗಳ ತುಂಬಿ, ಬೀದಿ ತುಂಬಿ, ಬೆಟ್ಟದ ಬುಡಕ್ಕೆ ಮುಟ್ಟಿದವು. ಜನರ ಮನೆಯಲ್ಲಿ ಇದ್ದಬದ್ದ ಗಡಿಗೆ ಒಡೆದವು. ಜನ ಎಲೆಯಲ್ಲಿ ಗಂಜಿ ಕಾಯಿಸಲು ನೋಡಿ ಎಲೆ ಸುಟ್ಟುಕೊಂಡರು. ಒಂದು ದಿನ ಹೊಳೆಯೇ ಗಾದ್ರಪ್ಪನ ಬಾಗಿಲಿಗೆ ಬಂತು.

"ಏನಪ್ಪಾ ಕುಂಬಾರ, ನನ್ನನ್ನ ಮನೆಗೆ ಹೊತ್ಕೊಂಡು ಹೋಗೋರೇ ಇಲ್ವಲ್ಲ. ಬರ್ತಾರೆ, ಬೊಗಸೇಲಿ ಕುಡಿದು ಹೋಗ್ತಾರೆ. ಮೊದಲೆಲ್ಲ ಎಷ್ಟು ಮನೆ ಅಡುಗೆ ಮಾತು ಕೇಳ್ತಿದ್ದೆ ನಾನು."

"ಇನ್ನೇನು ಆಯ್ತು ತಾಯಿ," ಅಂದ ಗಾದ್ರಪ್ಪ. "ಮೀಸೆ ಹತ್ತೋದೊಂದು ಬಾಕಿ."

ಹೊಳೆ ಅವನ ಬೆರಳಿನ ಅರಿಸಿನ ಪಟ್ಟಿ ನೋಡಿಕೊಂಡು ಬಂದ ದಾರಿಯಲ್ಲೇ ಹರಿದು ಹೋಯಿತು.

ಮುತ್ತುಗದ ಕೊಂಬೆಯಲ್ಲಿ ಮೊಗ್ಗು ಕಾಣಿಸಿದವು. ಅರಳುವುದಕ್ಕೆ ಇನ್ನು ಎರಡೇ ದಿನ ಅಂತ ಮರವೇ ಹೇಳಿತು. ಅವತ್ತು ಬೆಳಿಗ್ಗೆ ಗಾದ್ರಪ್ಪನಿಗೆ ಮೊದಲ ಸಲ ಭಯವಾಯಿತು. ಒಳಗೆ ಜೀವ ಇದೆಯೋ ಇಲ್ಲವೋ ಅಂತ ಪಕ್ಕೆಯ ತೂತಿಗೆ ಕಣ್ಣಿಟ್ಟ. ಕೈ ಮಾತ್ರ ತನ್ನ ಪಾಡಿಗೆ ತಾನು ತಟ್ಟಿತು. ಟಣ್, ಟಣ್, ಟಣ್.

ಒಳಗೆ ಉಂಡೆಯಾಗಿ ಮಲಗಿದ್ದ ಚಿಗಳಿ ಚಿಮ್ಮಿ ಎದ್ದಿತು. ಮೂಲೆಗೆ ಓಡಿತು. ರಾಗಿ, ಜೋಳ, ನವಣೆ, ಸಿಕ್ಕಿದ್ದನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಬಾಯಿಗೆ ತುರುಕಿತು. ಅಗಿಯಲಿಲ್ಲ, ನುಂಗಲಿಲ್ಲ, ಕೆನ್ನೆಗೆ ತಳ್ಳಿತು. ಈ ಕೆನ್ನೆ ತುಂಬಿದ ಮೇಲೆ ಆ ಕೆನ್ನೆ. ಆಮೇಲೆ ಬಾಗಿಲಿಗೆ ಬೆನ್ನು ಹಾಕಿ, ಹಿಂದಿನ ಗೋಡೆಯನ್ನು ಕೆರೆಯುತ್ತಾ ನಿಂತಿತು.

"ಚಿಗಳಿ, ಏನು ಮಾಡ್ತಿದ್ದೀಯ?" ಅಂದ ಗಾದ್ರಪ್ಪ ತೂತಿನಿಂದ.

ಚಿಗಳಿಗೆ ಮಾತಾಡಲು ಬಾಯಲ್ಲಿ ಜಾಗ ಇರಲಿಲ್ಲ. ಒಂದು ಕೆನ್ನೆಯ ಕಾಳನ್ನು ಕೆಳಗಿಳಿಸಿ ಹೇಳಿತು, "ಹೊರಟಿದ್ದೀನಿ, ಅಜ್ಜ."

"ಎಲ್ಲಿಗೆ?"

"ಗೊತ್ತಿಲ್ಲ. ದಿನಾ ಬುತ್ತಿ ಕಟ್ಟೋದೇ ಆಗಿದೆ, ಎಲ್ಲಿಗೆ ಅಂತ ಯೋಚನೆ ಮಾಡೋಕೆ ಪುರುಸೊತ್ತಿಲ್ಲ."

"ನಿಂಗೆ ಹೋಗು ಅಂದೋರು ಯಾರು?"

"ನೀವೇ. ಹೊತ್ತು ಹೊತ್ತಿಗೂ ಮನೆ ಬಡೀತೀರಲ್ಲ. ನಮ್ಮ ಬಯಲಲ್ಲಿ ನರಿ ಅಗೆಯೋಕೆ ಮುಂಚೆ ಹಿಂಗೇ ನೆಲ ಬಡಿಯುತ್ತೆ. ಅವತ್ತು ನಮ್ಮಮ್ಮ ಕಾಳು ತಗೊಂಡು ಹೋಗೋಣ ಅಂದಳು. ಕೈಯಲ್ಲಿ ಎಷ್ಟು ಹಿಡಿಸುತ್ತೆ? ಉಳಿದಿದ್ದು ತರೋಕೆ ಎರಡನೇ ಸಲ ಹೋದಳು, ಅಣ್ಣಂದಿರೂ ಹೋದರು. ಅಷ್ಟರಲ್ಲಿ ನರಿ ಬಂತು. ಅದಕ್ಕೆ ನಾನು ಬಾಯಲ್ಲಿ ತುಂಬ್ಕೋತೀನಿ. ಒಂದೇ ಸಲಕ್ಕೆ ಆಗುತ್ತೆ."

"ಮತ್ತೆ ತಿನ್ನೋದು ಯಾವಾಗ?"

"ಬುತ್ತೀನ ದಾರೀಲಿ ತಿಂತಾರೆ ಅಜ್ಜ. ಹೊರಡೋಕೆ ಮುಂಚೆ ಮನೇಲೇ ತಿಂದರೆ ಅದು ಬುತ್ತಿ ಹೆಂಗಾಗುತ್ತೆ?"

ಗಾದ್ರಪ್ಪ ತೂತಿನಿಂದ ಕಣ್ಣು ತೆಗೆದು, ತಟ್ಟುವ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಲೋಕ ಹುಟ್ಟಿದ ಮೇಲೆ ಹಾಗಾದದ್ದು ಅದೇ ಮೊದಲು. ಅವನು ಒಳಗೆ ಹೋಗಿ ಒಲೆಯ ಮುಂದೆ ಕೂತ.

"ನಾನು ಪ್ರಾಣಿ ಸಾಕಿಲ್ಲ ಕಣೇ," ಅಂದ.

"ಗೊತ್ತು," ಅಂದಳು ಮಾಳವ್ವ.

"ಆನೆ ಹೊತ್ತಿದ್ದೂ..."

"ಅದೂ ಗೊತ್ತು."

"ಈಗೇನು ಮಾಡ್ಲಿ?"

"ಏನೂ ಮಾಡಬೇಡಿ. ನಿಮಗೆ ಅದೇ ಕಷ್ಟ." ಮಾಳವ್ವ ಒಂದು ಹಳೇ ಬಟ್ಟೆ ಹರಿದು ಅವನ ಬಲಗೈ ಗೆಣ್ಣುಗಳಿಗೆ ದಪ್ಪಗೆ ಸುತ್ತಿದಳು. "ಸಂಜೆ ಅದು ತಾನಾಗಿ ಎದ್ದಾಗ ಗಡಿಗೆ ಬಾಯಿ ಮುಂದೆ ಅಂಗೈ ಬಿಚ್ಚಿಟ್ಟು ಕೂತ್ಕೊಳ್ಳಿ. ಹಿಡಿಯೋಕೆ ಹೋಗಬೇಡಿ. ಮಾತು ಬೇಡ."

ಮೊದಲ ದಿನ ಗಾದ್ರಪ್ಪನ ಬೆರಳುಗಳು ತಡೆಯಲಾರದೆ ಬಟ್ಟೆಯೊಳಗೇ ಒಂದನ್ನೊಂದು ತಟ್ಟಿಕೊಂಡವು. ಆ ಸದ್ದು ಹೊರಗೆ ಬರಲಿಲ್ಲ. ನುಂಗಿಕೊಂಡ ಮಾತೆಲ್ಲ ಹೊಟ್ಟೆಯಲ್ಲಿ ಉಬ್ಬಿ, ಪಂಚೆಯ ಗಂಟು ಎರಡು ಸಲ ಬಿಚ್ಚಿ ಕಟ್ಟಬೇಕಾಯಿತು. ಸಂಜೆ ಅಂಗೈ ಬಿಚ್ಚಿ ಕೂತ. ಚಿಗಳಿ ಇಣುಕಲಿಲ್ಲ.

ಎರಡನೇ ದಿನ ಸಂಜೆ ಚಿಗಳಿ ಇಣುಕಿತು. ಕೈಯನ್ನು ಮೂಸಿತು. ಮಣ್ಣಿನ ವಾಸನೆ, ಬೂದಿಯ ವಾಸನೆ. ಒಳಗೆ ಹೋಯಿತು.

ಮೂರನೇ ದಿನ ಮುತ್ತುಗದ ಮರ ಕೆಂಪಾಯಿತು. ಹೊತ್ತು ಇಳಿಯುವಾಗ ಗಾಳಿ ಬಂತು. ಜನರೂ ಬಂದರು, ಹೊಳೆಯೂ ಬಂತು. ಹಸಿ ಗಡಿಗೆಗಳ ನಡುವೆ ಎಲ್ಲರೂ ನಿಂತರು. ಗಾದ್ರಪ್ಪ ಅಂಗೈ ಬಿಚ್ಚಿ ನೆಲದ ಮೇಲಿಟ್ಟು ಕೂತಿದ್ದ.

"ಏನು ಗಾದ್ರಪ್ಪ, ಇವತ್ತು ಏನೂ ಹೇಳಲ್ವಾ?" ಅಂದಿತು ಗಾಳಿ.

ಗಾದ್ರಪ್ಪ ಇಲ್ಲ ಅಂತ ತಲೆಯಾಡಿಸಿದ.

ಚಿಗಳಿ ಬಾಗಿಲಿಗೆ ಬಂತು. ಅಂಗೈ ಮೂಸಿತು. ಮುಂಗಾಲು ಒಂದನ್ನು ಕಿರುಬೆರಳಿನ ಮೇಲಿಟ್ಟಿತು. ಮತ್ತೆ ಕಾಲು ತೆಗೆದು ಓಡಿ ಒಳಗೆ ಹೋಯಿತು. ಒಳಗಿಂದ ಕಾಳು ಬಾಚುವ ಸರಸರ ಸದ್ದು ಕೇಳಿಸಿತು.

"ಹೊರಟಿತು," ಅಂದರು ಜನ.

ಚಿಗಳಿ ಹೊರಗೆ ಬಂದಾಗ ಅದರ ಮುಖ ಅದರ ಮೈಯಷ್ಟೇ ಅಗಲವಾಗಿತ್ತು. ಅದು ಅಂಗಳದ ಕಡೆ ನೋಡಿತು, ಬೆಟ್ಟದ ಕಡೆ ನೋಡಿತು. ಯಾರೂ ಅದನ್ನು ತಡೆಯಲಿಲ್ಲ. ಗಾದ್ರಪ್ಪನ ಬೆರಳು ಅಲುಗಲಿಲ್ಲ.

ಚಿಗಳಿ ತಿರುಗಿ ಅವನ ಅಂಗೈ ಹತ್ತಿತು.

ನಡುವೆ ಕೂತು, ಎರಡೂ ಕೈಯಿಂದ ಕೆನ್ನೆಯನ್ನು ಹಿಂದಿನಿಂದ ಮುಂದಕ್ಕೆ ಒತ್ತಿ, ರಾಗಿ ಇಳಿಸಿತು, ಜೋಳ ಇಳಿಸಿತು, ನವಣೆ ಇಳಿಸಿತು. ಗಾದ್ರಪ್ಪನ ಅಂಗೈಯಲ್ಲಿ ಒಂದು ಪುಟ್ಟ ಗುಡ್ಡೆಯಾಯಿತು. ಅದರಿಂದ ಒಂದು ಜೋಳದ ಕಾಳನ್ನು ಆರಿಸಿ, ಸುಲಿದು, ಅಲ್ಲೇ ಕೂತು ತಿಂದಿತು.

ಗಾಳಿ ನೇರ ಆವಿಗೆಯ ಕಡೆ ನಡೆಯಿತು. ಅವತ್ತು ಹಚ್ಚಿದ ಆವಿಗೆ ಒಂಬತ್ತು ದಿನ ಉರಿಯಿತು. ಆ ಬಿಸಿಗೆ ಹಸಿಯಾಗಿದ್ದ ಬೆಟ್ಟಗಳೂ ಬೆಂದು ಗಟ್ಟಿಯಾದವು. ಈಗ ಬೆರಳಿಟ್ಟರೆ ಗುರುತು ಬೀಳುವುದಿಲ್ಲ, ಬೇಕಾದರೆ ಹೋಗಿ ನೋಡಿ.

ಕೆಲಸ ಮುಗಿಸಿ ಹೊರಡುವಾಗ ಗಾಳಿ ಚಿಗಳಿಯನ್ನು ಕೇಳಿತು, "ಕೆನ್ನೆ ಜೋತುಬಿದ್ದಿದೆಯಲ್ಲ. ಊದಿ ಒಳಗೆ ತಳ್ಳಲಾ?"

ಚಿಗಳಿ ಯೋಚಿಸಿತು. "ಮನೆ ಒಳ್ಳೇದೇ," ಅಂದಿತು. "ಅಜ್ಜನೂ ತಟ್ಟೋದು ಬಿಟ್ಟಿದ್ದಾರೆ. ಆದರೂ ಇರಲಿ."

ಮಾರನೇ ದಿನ ಕೈಗೆ ಸುತ್ತಿದ ಬಟ್ಟೆ ಬಿಚ್ಚಿದ ಕೂಡಲೇ ಗಾದ್ರಪ್ಪನ ಬಾಯಿಯೂ ಬಿಚ್ಚಿಕೊಂಡಿತು. ಸಂಜೆಯಷ್ಟರಲ್ಲಿ ಅವನ ಮಾತಿನಲ್ಲಿ ಅಂಗೈ ಮೇಲಿನ ಗುಡ್ಡೆ ಮೂರು ಖಂಡುಗ ಆಗಿತ್ತು, ಚಿಗಳಿ ಕುದುರೆಯಷ್ಟು ಎತ್ತರ ಆಗಿತ್ತು. ಮಾಳವ್ವ ಕೋಳಿಗೆ ಕಾಳು ಹಾಕುತ್ತಾ ಎಲ್ಲಕ್ಕೂ "ಹೂಂ" ಅಂದಳು. ಗಡಿಗೆಯ ಹತ್ತಿರ ಮಾತ್ರ ಅವನು ಮೆಲ್ಲಗೆ ನಡೆಯುತ್ತಿದ್ದ.

ಅದಕ್ಕೇ ಇವತ್ತಿಗೂ, ಹೊಸದಾಗಿ ಮನೆಗೆ ತಂದ ಹ್ಯಾಮ್‌ಸ್ಟರಿಗೆ ನೀವು ಒಂದು ಸೂರ್ಯಕಾಂತಿ ಬೀಜ ಕೊಟ್ಟರೆ ಅದು ತಿನ್ನದೆ ಕೆನ್ನೆಗೆ ತುಂಬಿಕೊಂಡು ಮೂಲೆಗೆ ಓಡುತ್ತದೆ; ಅದಿನ್ನೂ ಬುತ್ತಿ ಕಟ್ಟುತ್ತಿದೆ, ನಿಮ್ಮ ಎದುರಿಗೇ ಕೂತು ಒಂದು ಬೀಜ ಸುಲಿದು ತಿಂದ ದಿನ ಅದು ಹೊರಡುವ ಯೋಚನೆ ಬಿಟ್ಟಿತು ಅಂತ ತಿಳಿಯಿರಿ.