ಅಜ್ಜನವರ ಕಾಲಿನ ಭಾರ

ಗುಡ್ಡದ ನಡುವೆ ಒಂದು ಮಠ. ಮಠದ ಮೇಲುಗಡೆ ಕುರುಬರ ಹಟ್ಟಿಗಳು. ಕೆಳಗೆ, ಹೊಳೆಯ ದಂಡೆಯಲ್ಲಿ, ಒಂದು ಸಣ್ಣ ಆಸ್ಪತ್ರೆ.

ಮಠದಲ್ಲಿ ಅಡವಯ್ಯಜ್ಜನವರು ಇದ್ದರು. ಅವರು ಪ್ರವಚನ ಹೇಳಿದ್ದು ಕಡಿಮೆ. ಮಠದ ಹಳೇ ಜೀಪಿನಲ್ಲಿ ಹಟ್ಟಿಯ ಬಸುರಿಯರನ್ನೂ ಬೇನೆ ಬಿದ್ದವರನ್ನೂ ಕೂರಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸುವುದೇ ಅವರ ಪೂಜೆ. ಆ ಪೂಜೆಯನ್ನು ಅವರು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ.

ಅವರ ಬಳಿ ಗುರುಶಾಂತ ಎಂಬ ಶಿಷ್ಯನಿದ್ದ. ಮಠ ಸೇರುವ ಮೊದಲು ಅವನು ಗಾಡಿಗಳ ಬ್ರೇಕು ಪರೀಕ್ಷೆ ಮಾಡುವ ಕಡೆ ಕೆಲಸದಲ್ಲಿದ್ದ.

ಈಚೆಗೆ ಜೀಪು ಆಸ್ಪತ್ರೆಯ ಬಾಗಿಲು ದಾಟಿ ಮುಂದಕ್ಕೆ ಹೋಗಿ ನಿಲ್ಲತೊಡಗಿತ್ತು. ಮಿಸ್ತ್ರಿ ಬಂದು ಚಕ್ರ ಬಿಚ್ಚಿ ನೋಡಿದ. ಬ್ರೇಕು ಹೊಸದರಂಗ ಅದಾವ ಎಂದು ಹೇಳಿ ಚಹಾ ಕುಡಿದು ಹೋದ.

ಗುರುಶಾಂತನಿಗೆ ಹೊಳೆದದ್ದು ಬೇರೆ. ಹೇಳಲು ನಾಲಿಗೆ ಏಳಲಿಲ್ಲ.

ಅಜ್ಜನವರೇ ಕೇಳಿದರು.

"ಬ್ರೇಕು ಪರೀಕ್ಷಾ ಮಾಡೂ ಮುಂದ ನೀವು ಏನೇನು ನೋಡ್ತಿದ್ರಿ?"

"ಮೊದಲ ಕಾಲು ನೋಡ್ತಿದ್ವಿರಿ, ಅಜ್ಜಾರ."

"ಬ್ರೇಕಿನ ಪರೀಕ್ಷಾಕ್ಕ ಕಾಲು ಯಾಕ?"

ಗುರುಶಾಂತ ತಿಳಿಸಿ ಹೇಳಿದ. ಗಟ್ಟಿ ಆಳು ಮೈಭಾರ ಬಿಟ್ಟು ತುಳಿದರೆ ಕೆಟ್ಟ ಬ್ರೇಕೂ ಹಿಡಿಯುತ್ತದೆ. ಹಗುರ ತುಳಿದರೆ ಒಳ್ಳೆಯ ಬ್ರೇಕೂ ಕೆಟ್ಟಂತೆ ಕಾಣುತ್ತದೆ. ಅದಕ್ಕೇ ಪೆಡಲ್ಲಿನ ಮೇಲೆ ಅಂಗೈಯಗಲದ ಒಂದು ಬಿಲ್ಲೆ ಕಟ್ಟುತ್ತಾರೆ. ಬಿಲ್ಲೆಯಿಂದ ಒಂದು ವಾಯರು ಸಣ್ಣ ಪೆಟ್ಟಿಗೆಗೆ ಹೋಗುತ್ತದೆ. ಕಾಲು ಎಷ್ಟು ಕಿಲೋ ಭಾರ ಹಾಕಿತು ಎಂಬುದನ್ನು ಪೆಟ್ಟಿಗೆ ತೋರಿಸುತ್ತದೆ. ಆಗ ತಪ್ಪು ಗಾಡಿಯದೋ ಕಾಲಿನದೋ ತಿಳಿಯುತ್ತದೆ.

ಅಜ್ಜನವರು ತಮ್ಮ ಬಲಗಾಲನ್ನು ಮುಂದೆ ಚಾಚಿ ನೋಡಿಕೊಂಡರು.

"ಇಷ್ಟು ವರ್ಷ ತುಳದೈತಿ. ಎಷ್ಟು ತುಳದೆ ಅಂತ ಇದಕ್ಕ ಗೊತ್ತಿಲ್ಲ ನೋಡು. ಆ ಪೆಟಗಿ ತರಸು."

ಗುರುಶಾಂತನ ಹಳೆಯ ಕೆಲಸದ ಗೆಳೆಯರ ಕಡೆಯಿಂದ ಪೆಟ್ಟಿಗೆ ಬಂತು. ಅದು ಬಂದ ದಿನವೇ ಹಟ್ಟಿಯಿಂದ ಸುದ್ದಿಯೂ ಬಂತು. ದ್ಯಾಮವ್ವ ಎಂಬ ಚೊಚ್ಚಲ ಬಸುರಿಗೆ ನೋವು ಸುರುವಾಗಿದೆ, ಬೇಗ ಕೆಳಗಿಳಿಸಬೇಕು.

ಗುರುಶಾಂತ ಅವಸರದಲ್ಲೇ ಬಿಲ್ಲೆ ಕಟ್ಟಿದ. ಜನ ಕೂತ ಜೀಪು ಆ ಇಳಿಜಾರಿನಲ್ಲಿ ಗಕ್ಕನೆ ನಿಲ್ಲಬೇಕಾದರೆ ನಲವತ್ತು ಕಿಲೋ ಭಾರವಾದರೂ ಬೀಳಬೇಕು ಎಂಬುದು ಅವನ ಲೆಕ್ಕ. ಅದನ್ನು ಅಜ್ಜನವರಿಗೂ ಹೇಳಿದ.

ಅಜ್ಜನವರು ಅಂಗಳದಲ್ಲಿ ನಿಂತಿದ್ದ ಜೀಪು ಹತ್ತಿದರು. ಶಿವನೇ ಎಂದು ತುಳಿದರು. ಕೊರಳ ನರ ಉಬ್ಬಿತು. ತೊಡೆ ನಡುಗಿತು.

ಪೆಟ್ಟಿಗೆ ಇಪ್ಪತ್ತು ತೋರಿಸಿತು.

"ಏನಂತಪಾ ಪೆಟಗಿ?"

ಇಪ್ಪತ್ತು ಅಂದರೆ ಅಜ್ಜನವರ ಪೂಜೆ ಅಲ್ಲಿಗೆ ನಿಂತ ಹಾಗೆ. ಗುರುವಿನ ಕಾಲಿಗೆ ಕೊರತೆ ಹೇಳುವುದು ಗುರುಶಾಂತನ ಬಾಯಿಂದ ಆಗಲಿಲ್ಲ. ಪೆಟ್ಟಿಗೆಯನ್ನು ಎದೆಯ ಕಡೆ ತಿರುಗಿಸಿಕೊಂಡ.

"ನಲವತ್ತರಿ, ಅಜ್ಜಾರ."

"ಚಲೋ ಆತು. ನಾ ಏನ್ ಅದನ್ನ ನೋಡೂದಿಲ್ಲ. ನೀ ಅಂದ್ರ ಸಾಕು."

ಜೀಪು ಹಟ್ಟಿಗೆ ಹೋಯಿತು. ದ್ಯಾಮವ್ವನನ್ನೂ ಅವಳ ಅತ್ತೆಯನ್ನೂ ಹಿಂದೆ ಕೂರಿಸಿಕೊಂಡು ಇಳಿಯತೊಡಗಿತು. ಬಿಲ್ಲೆ ಪೆಡಲ್ಲಿನ ಮೇಲೆಯೇ ಇತ್ತು. ಪಕ್ಕದಲ್ಲಿ ಕೂತ ಗುರುಶಾಂತನ ತೊಡೆಯ ಮೇಲೆ, ಅಂಗಳದ ಅಂಕಿ ಅಳಿಸಿದ ಪೆಟ್ಟಿಗೆ.

ಮೊದಲ ತಿರುವಿನಲ್ಲಿ ಪೆಟ್ಟಿಗೆ ಹತ್ತೊಂಬತ್ತು ಅಂದಿತು. ಮುಂದಿನ ತಿರುವಿನಲ್ಲೂ ಇಪ್ಪತ್ತು ದಾಟಲಿಲ್ಲ. ಹಿಂದೆ ದ್ಯಾಮವ್ವ ನರಳಿದಾಗಲೆಲ್ಲ ಗುರುಶಾಂತ ಪೆಟ್ಟಿಗೆಯ ಅಂಕಿ ನೋಡುತ್ತಿದ್ದ. ಇನ್ನು ತಡೆಯಲಾರೆ, ಹೇಳಿಬಿಡುತ್ತೇನೆ ಎಂದು ಅವನು ಬಾಯಿ ತೆರೆದ.

ಅಷ್ಟರಲ್ಲಿ ಎದುರಿಗೆ ಕುರಿಹಿಂಡು. ಹಿಂಡಿನ ನಡುವೆ, ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ಒಬ್ಬ ಹೆಂಗಸು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೊರಕಲು.

ಅಜ್ಜನವರು ಕೂಗಲಿಲ್ಲ. ಕಾಲು ಬಿತ್ತು.

ಜೀಪು ನೆಲ ಕಚ್ಚಿ ನಿಂತಿತು.

ಧೂಳು ಇಳಿದಾಗ ಆ ಹೆಂಗಸು ಜೀಪಿನ ಮೂತಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಬೆನ್ನ ಮೇಲಿನ ಕೂಸು ನಿದ್ದೆಯಲ್ಲೇ ಇತ್ತು. ಕುರಿಗಳು ಜೀಪಿನ ಎರಡೂ ಬದಿಗೆ ಸರಿದು, ನೀರು ಹರಿದಂತೆ ಹರಿದುಹೋದವು.

"ಅಜ್ಜಾರ, ಇನ್ನೊಂದೀಟು ಜೋರ ಆಗಿದ್ರ ನನ್ನ ಮೊಮ್ಮಗ ಇಲ್ಲೇ ಇಳೀತಿದ್ದ ನೋಡ್ರಿ," ಎಂದಳು ದ್ಯಾಮವ್ವನ ಅತ್ತೆ. ದ್ಯಾಮವ್ವ ನೋವಿನಲ್ಲೂ ನಕ್ಕಳು.

ಗುರುಶಾಂತ ಪೆಟ್ಟಿಗೆ ನೋಡಿದ. ಕಾಲು ಹಾಕಿದ ಅತಿ ಹೆಚ್ಚಿನ ಭಾರವನ್ನು ಅದು ಹಿಡಿದಿಟ್ಟುಕೊಳ್ಳುತ್ತಿತ್ತು.

ಎಪ್ಪತ್ತೆರಡು.

ಅವನು ಇನ್ನೊಮ್ಮೆ ಓದಿದ. ಕಣ್ಣೊರೆಸಿಕೊಂಡು ಮತ್ತೆ ಓದಿದ. ಪೈಲವಾನರಂಥ ಆಳುಗಳು ತುಳಿದಾಗ ಮಾತ್ರ ಅವನು ಅಂಥ ಅಂಕಿ ಕಂಡಿದ್ದ. ಅಜ್ಜನವರ ಕಾಲು ಇನ್ನೂ ಪೆಡಲ್ಲಿನ ಮೇಲಿತ್ತು. ಒಣಗಿದ ಕಡ್ಡಿಯಂಥ ಕಾಲು.

ಅವನು ಇಳಿದು ಅಜ್ಜನವರ ಬದಿಗೆ ಬಂದ. ಆ ಪಾದಕ್ಕೆ ಹಣೆ ಹಚ್ಚಿದ. ಅಂಗಳದಲ್ಲಿ ಪೆಟ್ಟಿಗೆ ಹೇಳಿದ್ದು ಇಪ್ಪತ್ತು, ತಾನು ಹೇಳಿದ್ದು ನಲವತ್ತು ಎಂದು ಒಪ್ಪಿಕೊಂಡ.

ಅಜ್ಜನವರು ಅವನ ತಲೆಯ ಮೇಲಿನ ಧೂಳು ಕೊಡವಿದರು.

"ಮ್ಯಾಲಿನ ಇಪ್ಪತ್ತು ಎಲ್ಲಿಂದ ತಂದು ಕೂಡಿಸಿದಿ?"

"ಭಕ್ತಿಯಿಂದರಿ."

"ಭಕ್ತಿ ಪೆಡಲ್ ತುಳಿಯೂದಿಲ್ಲಪಾ. ಹಿಂದ ಬಸುರಿ ಕುಂತಾಳ."

ಗುರುಶಾಂತ ತಲೆ ತಗ್ಗಿಸಿದ. ಆದರೆ ಕಣ್ಣಾರೆ ಕಂಡದ್ದನ್ನು ಬಿಡಲಾರದೆ ಪೆಟ್ಟಿಗೆಯನ್ನು ಮುಂದೆ ಹಿಡಿದ.

"ಎಪ್ಪತ್ತೆರಡು ಬಂದೈತ್ರಿ, ಅಜ್ಜಾರ. ಇದು ಸುಳ್ಳಲ್ಲ. ಇಷ್ಟು ಬಲ ಇರೂ ಕಾಲಿಗೆ ನಾ ಏನ್ ಹೇಳ್ಲಿ? ಗಾಡಿ ನೀವ ಹೊಡೀರಿ."

"ಅಂಕಿ ಅಳಿಸು. ಮತ್ತ ತುಳೀತೀನಿ."

ಗುರುಶಾಂತ ಅಳಿಸಿದ. ಅಜ್ಜನವರು ಉಸಿರು ಬಿಗಿಹಿಡಿದು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ತುಳಿದರು.

ಹದಿನೆಂಟು.

"ಇದು ನಂದು," ಎಂದರು. ಬಾಗಿಲು ಹಿಡಿದುಕೊಂಡು ಮೆಲ್ಲಗೆ ಕೆಳಗಿಳಿದರು. ಜೀಪನ್ನು ಸುತ್ತುಹಾಕಿ ಬಂದು ಪಕ್ಕದ ಸೀಟಿನಲ್ಲಿ ಕೂತರು.

ಗುರುಶಾಂತ ನಿಂತಲ್ಲೇ ನಿಂತಿದ್ದ.

"ಹಂಗಾದ್ರ ಆ ಎಪ್ಪತ್ತೆರಡು ಯಾರದರಿ?"

ಅಜ್ಜನವರು ಖಾಲಿಯಾದ ಡ್ರೈವರ್ ಸೀಟಿನ ಕಡೆ ಕೈ ತೋರಿಸಿದರು.

"ಒಮ್ಮೆ ಬಂದು ಕಾಲಿಟ್ಟಾನಂತ ಅವನ್ನ ದಿನಾ ಡ್ರೈವರ್ ಕೆಲಸಕ್ಕ ಕರೀಬಾರದಪಾ. ಹತ್ತಿ ಕುಂದ್ರು, ಗಾಡಿ ನೀ ಹೊಡಿ."